ಸೋತ ಮೇಲೆ ಓದಬೇಕಾದ ಹಾಳೆ

2023ರ ಮೇ 13ರ ಮಧ್ಯಾಹ್ನ ನಾನು ಫೋನ್ ಸ್ವಿಚ್ ಆಫ್ ಮಾಡಿ ಮಲಗಿಬಿಟ್ಟಿದ್ದೆ. ಬೆಳಿಗ್ಗೆ ಎಂಟಕ್ಕೆ ಎಣಿಕೆ ಶುರುವಾದಾಗ ಟಿ.ವಿ. ಮುಂದೆ ಕೂತವನು ಹನ್ನೊಂದರ ಹೊತ್ತಿಗೆ ಎದ್ದೆ. ನಾನು ತಿಂಗಳುಗಟ್ಟಲೆ ಓಡಾಡಿದ ಪಕ್ಷ ನಮ್ಮ ಕ್ಷೇತ್ರದಲ್ಲೂ ಸೋತಿತ್ತು, ರಾಜ್ಯದಲ್ಲೂ ಸೋತಿತ್ತು. ಯಾವ ಪಕ್ಷವೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಓದುಗರಲ್ಲಿ ಅರ್ಧ ಜನ ನನ್ನ ಪರ, ಅರ್ಧ ಜನ ವಿರುದ್ಧ ಆಗಿಬಿಡುತ್ತಾರೆ. ಹೇಳಬೇಕಾದ ಮಾತು ಅಲ್ಲಿಗೇ ನಿಲ್ಲುತ್ತದೆ. ಊರಿನ ಹೆಸರೂ ಬೇಡ. ಹಳೇ ಮೈಸೂರು ಸೀಮೆಯ ಒಂದು ಊರು ಎಂದರೆ ಸಾಕು.

ಮತದಾನದ ದಿನ ನಮ್ಮೂರ ಶಾಲೆಯ ಬೂತ್‌ನಲ್ಲಿ ನಾನು ಏಜೆಂಟ್. ಏಳಕ್ಕೆ ಮತದಾನ ಎಂದರೆ ಏಜೆಂಟರು ಐದೂವರೆಗೇ ಅಲ್ಲಿರಬೇಕು. ಅಣಕು ಮತದಾನದಲ್ಲಿ ಕನಿಷ್ಠ ಐವತ್ತು ಮತ ಒತ್ತಿ, ಲೆಕ್ಕ ತಾಳೆಯಾಗುವುದನ್ನು ನೋಡಿ, ಅದನ್ನೆಲ್ಲ ಅಳಿಸಿ ಯಂತ್ರಕ್ಕೆ ಸೀಲ್ ಹಾಕುವುದನ್ನು ಕಣ್ಣಾರೆ ಕಂಡು ಸಹಿ ಮಾಡಬೇಕು. ಅದೇ ಬೆಂಚಿನಲ್ಲಿ ನನ್ನ ಪಕ್ಕ ಎದುರು ಪಕ್ಷದ ಏಜೆಂಟ್ ಆಗಿ ಕೂತಿದ್ದವನು ನನ್ನ ಗೆಳೆಯ. ಒಂದನೇ ತರಗತಿಯಿಂದ ಅದೇ ಶಾಲೆಯಲ್ಲಿ ಒಟ್ಟಿಗೆ ಓದಿದವರು ನಾವು. ಆಗಲೂ ತಾಲ್ಲೂಕಿನ ಗ್ರಂಥಾಲಯದಲ್ಲಿ ಒಂದೇ ಮೇಜಿಗೆ ಕೂತು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ತಯಾರಿ ನಡೆಸಿದ್ದೆವು. ಸಂಜೆಯವರೆಗೂ ಪಟ್ಟಿಯಲ್ಲಿ ಹೆಸರು ಹುಡುಕಿ ಗೆರೆ ಎಳೆದೆವು. ಅವರಮ್ಮ ಕಳಿಸಿದ್ದ ಚಿತ್ರಾನ್ನವನ್ನು ಹಂಚಿಕೊಂಡು ತಿಂದೆವು.

ಮೂರೇ ದಿನಕ್ಕೆ ಎಲ್ಲ ಕೆಟ್ಟಿತು. ಅವರ ಕಡೆಯ ಹುಡುಗರು ಮೆರವಣಿಗೆ ತಂದು ನಮ್ಮ ಮನೆ ಮುಂದೆಯೇ ಪಟಾಕಿ ಸರ ಹಚ್ಚಿದರು. ಗೆಳೆಯ ಗುಂಪಿನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಎಂದು ಆಮೇಲೆ ತಂಗಿ ಹೇಳಿದಳು. ನನಗೆ ಕಂಡದ್ದು ಅವನ ಹೆಗಲ ಮೇಲಿನ ಶಾಲು ಮಾತ್ರ. ಅವನ ನಂಬರ್ ಬ್ಲಾಕ್ ಮಾಡಿದೆ. ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಒಂದು ಸಾಲು ಹಾಕಿದೆ: ‘ಜನ ಅಕ್ಕಿಗೆ, ಬಸ್ ಟಿಕೆಟ್‌ಗೆ ತಮ್ಮನ್ನು ಮಾರಿಕೊಂಡರು.’

ಸಂಜೆ ಅಮ್ಮ ಅದನ್ನು ತಂಗಿಯಿಂದ ಓದಿಸಿಕೊಂಡಿದ್ದಳು. ರಾತ್ರಿ ಊಟಕ್ಕೆ ಕೂತಾಗ ಕೇಳಿದಳು: ‘ನೀನ್ ಬೆಳ್ದಿದ್ದು ಆ ಸೊಸೈಟಿ ಅಕ್ಕೀಲೇ ಕಣೋ. ಡಿಗ್ರಿ ಓದಿದ್ದೂ ಅದ್ರಲ್ಲೇ. ಹಂಗಾದ್ರೆ ನಾನೂ ಮಾರ್ಕೊಂಡೋಳೇನಾ?’ ಅಮ್ಮ ಯಾರಿಗೆ ಮತ ಹಾಕಿದ್ದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಟೇಟಸ್ ಅಳಿಸಿದೆ. ಅಷ್ಟರಲ್ಲಿ ಊರಿನ ಬಹಳ ಮಂದಿ ಅದನ್ನು ನೋಡಿಯಾಗಿತ್ತು.

ಅದೇ ರಾತ್ರಿ ನಮ್ಮ ಕಡೆಯ ನಾಲ್ಕೈದು ಹುಡುಗರು ಸೇರಿ, ಪಟಾಕಿ ಹಚ್ಚಿದವರಿಗೆ ಬುದ್ಧಿ ಕಲಿಸೋಣ ಎಂದು ಹೊರಟಿದ್ದರು. ದೊಡ್ಡಪ್ಪ ಬಾಗಿಲಲ್ಲಿ ಅಡ್ಡ ನಿಂತು, ‘ನಿಮ್ ಲೀಡರ್ ಇವತ್ತು ಫೋನ್ ಎತ್ತಿದ್ನೇನ್ರೋ?’ ಎಂದಷ್ಟೇ ಕೇಳಿದರು. ಎತ್ತಿರಲಿಲ್ಲ. ಕೆಲಸ ಹುಡುಕುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕು. ಅವತ್ತು ಹೊಡೆದಾಟವಾಗಿ ಎಫ್‌ಐಆರ್‌ನಲ್ಲಿ ಹೆಸರು ಬಿದ್ದಿದ್ದರೆ, ಸರ್ಕಾರಿ ನೌಕರಿಗೆ ಆಯ್ಕೆಯಾದರೂ ಪೊಲೀಸ್ ವೆರಿಫಿಕೇಷನ್‌ನಲ್ಲಿ ಸಿಕ್ಕಿಬೀಳುತ್ತಿದ್ದೆವು. ಸೋತ ಅಭ್ಯರ್ಥಿಗೆ ಮುಂದಿನ ಸಲ ಮತ್ತೆ ಟಿಕೆಟ್ ಸಿಗಬಹುದು. ಅವನಿಗಾಗಿ ಕೇಸು ಹಾಕಿಸಿಕೊಂಡ ಹುಡುಗನಿಗೆ ನೇಮಕಾತಿಯ ವಯಸ್ಸು ಮತ್ತೆ ಸಿಗುವುದಿಲ್ಲ.

ಸುಮಾರು ಮೂರು ವಾರ ನಾನು ಏನೂ ಓದಲಿಲ್ಲ. ಟಿ.ವಿ. ಚರ್ಚೆ, ವಿಡಿಯೊ, ಗುಂಪುಗಳಲ್ಲಿ ಬೈದಾಟ. ನಮ್ಮವರ ಗುಂಪಿನಲ್ಲಿ ಸೋಲಿಗೆ ನೂರು ಕಾರಣ ಬರುತ್ತಿದ್ದವು, ಒಂದರಲ್ಲೂ ನಾವು ಇರಲಿಲ್ಲ. ದುಡ್ಡು ಹಂಚಿದರು, ಜಾತಿ ನೋಡಿದರು, ಮಾಧ್ಯಮ ಮೋಸ ಮಾಡಿತು, ಜನರಿಗೆ ಬುದ್ಧಿ ಇಲ್ಲ. ಬೇರೆ ಚುನಾವಣೆಯಲ್ಲಿ ಬೇರೆ ಪಕ್ಷ ಸೋತಾಗ ಇದಕ್ಕೆ ಇವಿಎಂ ಸೇರುತ್ತದೆ. ಗೆದ್ದ ಸಲ ಮಾತ್ರ ಅದೇ ಜನ ‘ಪ್ರಬುದ್ಧ ಮತದಾರರು’. ಉಚಿತ ಕೊಡುಗೆಯ ವಾದವನ್ನೇ ನೋಡಿ. ಕಾಂಗ್ರೆಸ್ ಐದು ಗ್ಯಾರಂಟಿ ಕೊಟ್ಟಿದ್ದು ನಿಜ. ಅದೇ ಚುನಾವಣೆಯ ಬಿಜೆಪಿ ಪ್ರಣಾಳಿಕೆಯಲ್ಲೂ ಬಿಪಿಎಲ್ ಕುಟುಂಬಗಳಿಗೆ ದಿನಕ್ಕೆ ಅರ್ಧ ಲೀಟರ್ ನಂದಿನಿ ಹಾಲು, ವರ್ಷಕ್ಕೆ ಮೂರು ಉಚಿತ ಸಿಲಿಂಡರ್ ಇದ್ದವು. ಕೊಡುತ್ತೇವೆ ಎಂದು ಎಲ್ಲರೂ ಹೇಳಿದ್ದರು. ಯಾರ ಮಾತನ್ನು ಜನ ನಂಬಿದರು, ಯಾಕೆ ನಂಬಿದರು ಎಂಬುದೇ ಕೇಳಬೇಕಾದ ಪ್ರಶ್ನೆಯಾಗಿತ್ತು. ಅದನ್ನು ನಮ್ಮ ಗುಂಪಿನಲ್ಲಿ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನನ್ನನ್ನು ಅದರಿಂದ ಎಬ್ಬಿಸಿದ್ದು ಪರೀಕ್ಷೆಯ ಅಭ್ಯಾಸವೇ ಇರಬೇಕು. ಸೋಲು ನಮಗೆ ಹೊಸದಲ್ಲ. ಎಫ್‌ಡಿಎ, ಪಿಎಸ್‌ಐ, ಕೆಎಎಸ್ ಪ್ರಿಲಿಮ್ಸ್ ಎಂದು ಅರ್ಧ ಅಂಕ, ಒಂದು ಅಂಕಕ್ಕೆ ಬಿದ್ದವರು ನಮ್ಮ ಗ್ರಂಥಾಲಯದ ಪ್ರತಿ ಮೇಜಿನಲ್ಲೂ ಸಿಗುತ್ತಾರೆ. ಫಲಿತಾಂಶ ಬಂದ ದಿನ ಪ್ರಶ್ನೆಪತ್ರಿಕೆಯನ್ನೂ ಅದನ್ನು ತಯಾರಿಸಿದವರನ್ನೂ ಬೈಯುತ್ತೇವೆ. ಕೆಲವು ಸಲ ಆ ಬೈಗುಳಕ್ಕೆ ಕಾರಣವೂ ಇರುತ್ತದೆ. ಆದರೆ ಮುಂದಿನ ವಾರ ಕೀ ಉತ್ತರ ಎದುರಿಗಿಟ್ಟುಕೊಂಡು ಕೂರುತ್ತೇವೆ. ಎಲ್ಲಿ ತಪ್ಪಿದೆ, ಗೊತ್ತಿದ್ದೂ ತಪ್ಪಿದ್ದು ಎಷ್ಟು, ಗೊತ್ತೇ ಇಲ್ಲದ್ದು ಎಷ್ಟು ಎಂದು ಗುರುತು ಹಾಕುತ್ತೇವೆ. ಇಷ್ಟು ಮಾಡದವನು ಮುಂದಿನ ಸಲವೂ ಅಲ್ಲೇ ಬೀಳುತ್ತಾನೆ ಎಂದು ನಮಗೆಲ್ಲ ಗೊತ್ತು.

ಚುನಾವಣೆಗೂ ಒಂದು ಕೀ ಉತ್ತರವಿದೆ. ಅದರ ಹೆಸರು ಫಾರಂ 20. ಎಣಿಕೆ ಮುಗಿದ ಮೇಲೆ ಸಿದ್ಧವಾಗುವ ಅಂತಿಮ ಫಲಿತಾಂಶದ ಪಟ್ಟಿ ಅದು. ಕ್ಷೇತ್ರದ ಪ್ರತಿ ಮತಗಟ್ಟೆಯಲ್ಲಿ ಪ್ರತಿ ಅಭ್ಯರ್ಥಿಗೆ ಎಷ್ಟು ಮತ ಬಂತು, ನೋಟಾಕ್ಕೆ ಎಷ್ಟು ಹೋಯಿತು ಎಂಬುದೆಲ್ಲ ಸಾಲು ಸಾಲಾಗಿ ಇರುತ್ತದೆ. ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ಜಾಲತಾಣದಲ್ಲಿ ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ. (ಈ ಹಾಳೆಗೆ ಕೆಟ್ಟ ಉಪಯೋಗವೂ ಇದೆ. ‘ಈ ಬೂತ್‌ನವರು ನಮಗೆ ಹಾಕಿಲ್ಲ’ ಎಂದು ಕಂಡುಹಿಡಿದು ಆ ಬೀದಿಯ ಕೆಲಸ ನಿಲ್ಲಿಸುವವರು ಇದನ್ನೇ ಓದುತ್ತಾರೆ.)

ಬೂತ್‌ಗೆ ಬರುವ ಮೊದಲು ರಾಜ್ಯದ ಲೆಕ್ಕ ನೋಡಿದರೆ ಅಲ್ಲೇ ಒಂದು ಪಾಠವಿದೆ. 2018ರಲ್ಲಿ ಬಿಜೆಪಿಗೆ ಸುಮಾರು ಶೇ 36ರಷ್ಟು ಮತ ಬಂದಿತ್ತು, 104 ಸ್ಥಾನ ಸಿಕ್ಕಿತ್ತು. 2023ರಲ್ಲೂ ಬಂದದ್ದು ಹೆಚ್ಚುಕಡಿಮೆ ಶೇ 36ರಷ್ಟೇ. ಸ್ಥಾನ ಮಾತ್ರ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38ರಿಂದ 43ರ ಸಮೀಪಕ್ಕೆ ಏರಿ 80ರಿಂದ 135 ಸ್ಥಾನಕ್ಕೆ ಹೋಯಿತು. ಜೆಡಿಎಸ್ ಶೇ 18ರಿಂದ 13ಕ್ಕೆ ಕುಸಿದು 37ರಿಂದ 19ಕ್ಕೆ ಬಂತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಬಿಜೆಪಿ ಹಿಂದಿನ ಸಲದಷ್ಟೇ ಅಂಕ ತೆಗೆಯಿತು, ಆದರೆ ಕಟ್‌ಆಫ್ ಮೇಲೆ ಹೋಯಿತು. ಇದರ ಹಿಂದಿನ ಸಲ ಪೆಟ್ಟು ತಿಂದದ್ದು ಕಾಂಗ್ರೆಸ್. 2018ರಲ್ಲಿ ಎಲ್ಲರಿಗಿಂತ ಹೆಚ್ಚು ಮತ ಪಡೆದೂ ಸ್ಥಾನಗಳಲ್ಲಿ ಹಿಂದೆ ಬಿದ್ದಿತ್ತು.

ಹಾಗಾದರೆ ‘ಜನ ನಮ್ಮನ್ನು ತಿರಸ್ಕರಿಸಿದರು’ ಎನ್ನುವುದೂ ಪೂರ್ತಿ ನಿಜವಲ್ಲ, ‘ನಮ್ಮ ಮತ ಎಲ್ಲೂ ಹೋಗಿಲ್ಲ’ ಎಂಬ ಸಮಾಧಾನವೂ ನಿಜವಲ್ಲ. ಒಟ್ಟು ಮೊತ್ತ ಅಷ್ಟೇ ಇದ್ದರೂ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಿರುತ್ತದೆ. ಹಳೇ ಮೈಸೂರಿನಲ್ಲಿ ಗಳಿಸಿ ಗೆಲ್ಲಲಾರದೆ, ಕಿತ್ತೂರು ಮತ್ತು ಕಲ್ಯಾಣ ಕರ್ನಾಟಕದಲ್ಲಿ ಕಳೆದುಕೊಂಡು ಸೋತರೆ ಸರಾಸರಿಯಲ್ಲಿ ಏನೂ ಆಗಿಲ್ಲದಂತೆ ಕಾಣುತ್ತದೆ. ಸರಾಸರಿ ನೋಡಿಕೊಂಡು ಕೂತ ಪಕ್ಷಕ್ಕೆ ತನ್ನ ಗಾಯ ಎಲ್ಲಿದೆ ಎಂದೇ ಗೊತ್ತಾಗುವುದಿಲ್ಲ.

ನಮ್ಮ ಬೂತ್‌ನ ಸಾಲು ಹುಡುಕಿದೆ. ಹಿಂದಿನ ಸಲ ನಾವು ಮುಂದಿದ್ದ ಬೂತ್ ಅದು. ಈ ಸಲ ನೂರಕ್ಕೂ ಹೆಚ್ಚು ಮತ ಹಿಂದೆ. ಪಕ್ಕದ ಬೂತ್‌ನಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಅಲ್ಲೂ ಅದೇ ಗ್ಯಾರಂಟಿ ಕಾರ್ಡ್, ಅದೇ ಜಾತಿ, ಅದೇ ದುಡ್ಡು. ನಾನೇ ಜವಾಬ್ದಾರಿ ವಹಿಸಿದ್ದ ಬೂತ್‌ನಲ್ಲಿ ಮಾತ್ರ ಯಾಕೆ ಹೀಗಾಯಿತು? ಇದಕ್ಕೆ ಟಿ.ವಿ.ಯಲ್ಲಿ ಉತ್ತರ ಇರಲಿಲ್ಲ.

ಒಂದು ಭಾನುವಾರ ಮನೆ ಮನೆಗೆ ಹೊರಟೆ. ಮೊದಲ ಮನೆಯಲ್ಲೇ ಬಾಗಿಲು ಹಾಕಿದರು. ಸ್ಟೇಟಸ್ ಅಲ್ಲಿಗೂ ತಲುಪಿತ್ತು. ಬಿ.ಇಡಿ. ಮುಗಿಸಿ ಕೂತಿದ್ದ ಅಣ್ಣ ಒಬ್ಬರು, ‘ಪ್ರಚಾರಕ್ಕೆ ಬಂದಾಗ ದೇಶದ ಕಥೆ ಎಲ್ಲ ಹೇಳಿದ್ರಿ, ನೇಮಕಾತಿ ಬಗ್ಗೆ ಕೇಳಿದ್ರೆ ಮೇಲಿನವರನ್ನ ಕೇಳ್ತೀವಿ ಅಂದ್ರಿ’ ಎಂದರು. ಇನ್ನೊಂದು ಮನೆಯಲ್ಲಿ, ಓಟರ್ ಸ್ಲಿಪ್ಪನ್ನು ಗೇಟಿಗೆ ಸಿಕ್ಕಿಸಿ ಹೋದಿರಿ, ಒಳಗೆ ಬರಲಿಲ್ಲ ಎಂಬ ಬೇಸರ. ಒಬ್ಬರು ನೇರವಾಗಿ, ಸರ್ಕಾರ ಬದಲಾಗಬೇಕಿತ್ತು, ಬದಲಾಯಿಸಿದೆವು ಎಂದರು. ಜಾತಿಯ ಮಾತೂ ಬಂತು, ಇಲ್ಲ ಎನ್ನಲಾರೆ. ಆದರೆ ನನ್ನನ್ನು ನಿಲ್ಲಿಸಿದ್ದು ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿ.

‘ಯಾರಿಗ್ ಹಾಕ್ದೆ ಅಂತ ಕೇಳ್ಬ್ಯಾಡ ಮಗ, ಅದ್ನ ನಮ್ಮನೆ ಹೈಕ್ಳಿಗೂ ಹೇಳಿಲ್ಲ. ನಿಮ್ಗ್ ಯಾಕ್ ಹಾಕ್ಲಿಲ್ಲ ಅಂತ ಕೇಳು, ಹೇಳ್ತೀನಿ’ ಎಂದಿತು ಅಜ್ಜಿ. ಅವರ ವೃದ್ಧಾಪ್ಯ ವೇತನ ನಿಂತು ತಿಂಗಳುಗಳಾಗಿದ್ದವು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಲಿಲ್ಲ ಅಷ್ಟೇ. ನಮ್ಮ ಕಡೆಯವರಿಗೆ ಮೂರು ಸಲ ಜೆರಾಕ್ಸ್ ಕೊಟ್ಟಿದ್ದರಂತೆ. ‘ಒಂದ್ ಸಲ ನಿನ್ ಕೈಗೇ ಕೊಟ್ಟಿದ್ದೆ. ಎಲೆಕ್ಷನ್ ಮುಗೀಲಿ ಅಜ್ಜಿ ಅಂದೆ.’

ನನಗೆ ನೆನಪೇ ಇರಲಿಲ್ಲ. ಮನೆಗೆ ಬಂದು ಪ್ರಚಾರದ ಬ್ಯಾಗ್ ಸುರಿದೆ. ಕರಪತ್ರಗಳ ನಡುವೆ ಆ ಜೆರಾಕ್ಸ್ ಇತ್ತು.

ಕೊನೆಗೆ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಬ್ಯಾಂಕಿಗೂ ನಾಡಕಚೇರಿಗೂ ಕರೆದುಕೊಂಡು ಹೋಗಿ ಕೆಲಸ ಮುಗಿಸಿಕೊಟ್ಟವನು ನಾನು ಬ್ಲಾಕ್ ಮಾಡಿದ್ದ ಗೆಳೆಯ. ‘ಓಟ್ ಕೊಡು ಅಂತ ಅವ್ನು ಬಾಯ್ ಬುಟ್ಟೂ ಕೇಳ್ಲಿಲ್ಲ’ ಎಂದಿತು ಅಜ್ಜಿ. ಅವನು ಆ ಬೀದಿಯಲ್ಲಿ ಇಂಥ ಎಷ್ಟು ಕೆಲಸ ಮಾಡಿಸಿದ್ದನೋ ನಾನು ಎಣಿಸಲು ಹೋಗಲಿಲ್ಲ. ಫಾರಂ 20ರಲ್ಲಿ ನನ್ನ ಬೂತ್‌ನ ಸಾಲು ಅಲ್ಲಿಗೆ ನನಗೆ ಅರ್ಥವಾಗಿತ್ತು.

ಇದೇ ಇಡೀ ರಾಜ್ಯದ ಸೋಲಿಗೆ ಕಾರಣ ಎಂದು ಹೇಳಿದರೆ ಅದೂ ಸುಳ್ಳು. ಭ್ರಷ್ಟಾಚಾರದ ಆರೋಪ, ಬೆಲೆ ಏರಿಕೆ, ನಾಯಕರ ಜಗಳ, ಟಿಕೆಟ್ ಹಂಚಿಕೆ ಎಲ್ಲವೂ ಕೆಲಸ ಮಾಡಿರುತ್ತವೆ. ಕಾಂಗ್ರೆಸ್ 124 ಅಭ್ಯರ್ಥಿಗಳ ಮೊದಲ ಪಟ್ಟಿಯನ್ನು ಮಾರ್ಚ್ 25ರಂದು, ಅಂದರೆ ಚುನಾವಣೆಯ ದಿನಾಂಕ ಘೋಷಣೆಯಾಗುವ ಮೊದಲೇ ಬಿಡುಗಡೆ ಮಾಡಿತ್ತು. ಬಿಜೆಪಿಯ ಮೊದಲ ಪಟ್ಟಿ ಬಂದದ್ದು ಏಪ್ರಿಲ್ 11ಕ್ಕೆ. ಬೇಗ ಟಿಕೆಟ್ ಕೊಟ್ಟಿದ್ದೇ ಗೆಲುವಿನ ಗುಟ್ಟು ಎಂದು ಆಗ ಬಹಳ ಮಂದಿ ಬರೆದರು. ಆದರೆ ಜೆಡಿಎಸ್ ಅದಕ್ಕೂ ಮೊದಲೇ, 2022ರ ಡಿಸೆಂಬರಿನಲ್ಲೇ 93 ಹೆಸರು ಪ್ರಕಟಿಸಿತ್ತು. ಅದಕ್ಕೆ ಸಿಕ್ಕಿದ್ದು 19. ಒಂದೇ ಕಾರಣ ಹಿಡಿದುಕೊಂಡು ವಿವರಿಸುವವರನ್ನು ಅಂದಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ಕೇಳುತ್ತೇನೆ.

ಅಮೆರಿಕದಲ್ಲೂ ಹೀಗಾಗಿದೆ. 2012ರ ಅಧ್ಯಕ್ಷೀಯ ಚುನಾವಣೆ ಸೋತ ರಿಪಬ್ಲಿಕನ್ ಪಕ್ಷ ಮರುವರ್ಷ ದೊಡ್ಡ ವರದಿಯನ್ನೇ ತಯಾರಿಸಿ ಪ್ರಕಟಿಸಿತು. ವಲಸಿಗರ ವಿಷಯದಲ್ಲಿ ಮೃದುವಾಗಬೇಕು, ಹಿಸ್ಪಾನಿಕ್ ಮತದಾರರನ್ನು ತಲುಪಬೇಕು ಎಂದು ಅದರಲ್ಲಿತ್ತು. 2016ರಲ್ಲಿ ಅದಕ್ಕೆ ತದ್ವಿರುದ್ಧ ಮಾತಾಡಿದ ಟ್ರಂಪ್ ಗೆದ್ದರು. ಆತ್ಮಾವಲೋಕನದ ವರದಿಯೂ ತಪ್ಪಾಗಬಹುದು. ಆದರೂ ಅಲ್ಲಿ ವರದಿ ಹೊರಗೆ ಬಂತು, ಜನ ಓದಿ ಜಗಳವಾಡಿದರು. ನಮ್ಮಲ್ಲಿ 2014ರಲ್ಲಿ ಕಾಂಗ್ರೆಸ್ 44 ಸ್ಥಾನಕ್ಕೆ ಇಳಿದಾಗ ಎ.ಕೆ. ಆಂಟನಿ ಸಮಿತಿ ಕಾರಣಗಳನ್ನು ಹುಡುಕಿ ವರದಿ ಕೊಟ್ಟಿತು. ಪಕ್ಷ ಅದನ್ನು ಸಾರ್ವಜನಿಕರ ಮುಂದಿಡಲಿಲ್ಲ. 2019ರಲ್ಲಿ ಸಿಕ್ಕಿದ್ದು 52.

ನಮ್ಮ ಪಕ್ಷವೂ ತಾಲ್ಲೂಕಿನಲ್ಲಿ ಒಂದು ‘ಆತ್ಮಾವಲೋಕನ ಸಭೆ’ ಮಾಡಿತು. ಕಲ್ಯಾಣ ಮಂಟಪ, ಶಾಮಿಯಾನ, ವೇದಿಕೆ ಮೇಲೆ ಹದಿನೆಂಟು ಕುರ್ಚಿ. ಬೂತ್‌ನ ಲೆಕ್ಕ, ಮನೆಗಳಲ್ಲಿ ಕೇಳಿದ ಮಾತು ಎಲ್ಲ ಬರೆದುಕೊಂಡು ಹೋಗಿದ್ದೆ. ವೇದಿಕೆ ಮೇಲಿದ್ದವರು ಒಬ್ಬರ ಮೇಲೊಬ್ಬರು ಪರೋಕ್ಷವಾಗಿ ದೂರು ಹೇಳುತ್ತಾ ಎರಡೂವರೆ ಗಂಟೆ ಮಾತಾಡಿದರು. ಒಳಗಿನವರೇ ಬೆನ್ನಿಗೆ ಚೂರಿ ಹಾಕಿದರು ಎಂಬ ಮಾತಿಗೆ ಚಪ್ಪಾಳೆ ಬಿತ್ತು. ‘ಬೂತ್ ಮಟ್ಟದ ಕಾರ್ಯಕರ್ತರು ಈಗ ಮಾತಾಡಬಹುದು’ ಎಂದು ನಿರೂಪಕರು ಹೇಳುವ ಹೊತ್ತಿಗೆ ಊಟದ ಎಲೆ ಹಾಕಿಯಾಗಿತ್ತು. ನಾನೂ ಎದ್ದು ಹೋಗಿ ಊಟ ಮಾಡಿದೆ. ಹಾಳೆ ಜೇಬಿನಲ್ಲೇ ಉಳಿಯಿತು.

ಸೋತ ಪಕ್ಷ ಸುಧಾರಿಸಬೇಕೆಂದರೆ ಆ ಸಭೆಯನ್ನು ತಲೆಕೆಳಗು ಮಾಡಬೇಕು ಎಂದು ನನಗೆ ಅನ್ನಿಸುತ್ತದೆ. ಮೊದಲು ಬೂತ್‌ನವರು ಮಾತಾಡಲಿ, ಮೇಲಿನವರು ಬರೆದುಕೊಳ್ಳಲಿ. ತಮ್ಮ ಬೂತ್ ಉಳಿಸಿಕೊಂಡವರು ಹೇಗೆ ಉಳಿಸಿಕೊಂಡರು ಎಂದು ಕೇಳಲಿ. ಎಲ್ಲಕ್ಕಿಂತ ಹೆಚ್ಚಾಗಿ, ಬಿಟ್ಟುಹೋದ ಮತದಾರರನ್ನು ಕೇಳಲಿ. ನಮ್ಮವರು ನಮ್ಮವರನ್ನೇ ಕೇಳಿಕೊಂಡರೆ ಸಿಗುವುದು ಸಮಾಧಾನ ಮಾತ್ರ.

ಇನ್ನೊಂದು ಕೆಲಸ ಸೋತ ಮಾರನೇ ದಿನದಿಂದಲೇ ಸಿಗುತ್ತದೆ, ಅದು ವಿರೋಧ ಪಕ್ಷದ ಕೆಲಸ. ಮತದಾರರು ಸೋತವರಿಗೂ ಒಂದು ಹುದ್ದೆ ಕೊಟ್ಟಿರುತ್ತಾರೆ. 2023ರಲ್ಲಿ ಬಿಜೆಪಿ ವಿಧಾನಸಭೆಯ ವಿರೋಧ ಪಕ್ಷದ ನಾಯಕನನ್ನಾಗಿ ಆರ್. ಅಶೋಕ ಅವರನ್ನು ಆರಿಸಿದ್ದು ನವೆಂಬರ್ 17ಕ್ಕೆ. ಫಲಿತಾಂಶ ಬಂದು ಆರು ತಿಂಗಳು ಕಳೆದಿತ್ತು. ಜುಲೈ 7ರಂದು ಹೊಸ ಸರ್ಕಾರದ ಬಜೆಟ್ ಮಂಡನೆಯಾದಾಗ ಎದುರಿನ ಆ ಕುರ್ಚಿ ಖಾಲಿ. ನಮ್ಮಲ್ಲಿ ಯಾರಾದರೂ ನೇಮಕಾತಿ ಆದೇಶ ಕೈಗೆ ಬಂದ ಮೇಲೆ ಆರು ತಿಂಗಳು ಕೆಲಸಕ್ಕೆ ಹಾಜರಾಗದೆ ಇರುತ್ತಾರೆಯೇ? ಪ್ರಶ್ನೋತ್ತರ ವೇಳೆ ಇದೆ, ಸಾರ್ವಜನಿಕ ಲೆಕ್ಕಪತ್ರ ಸಮಿತಿಯ ಅಧ್ಯಕ್ಷ ಸ್ಥಾನ ವಾಡಿಕೆಯಂತೆ ವಿರೋಧ ಪಕ್ಷಕ್ಕೇ ಬರುತ್ತದೆ. ಅಧಿಕಾರವಿಲ್ಲದೆಯೂ ಮಾಡಬಹುದಾದ ಕೆಲಸ ಇಷ್ಟಿರುವಾಗ ‘ಈಗ ನಮ್ಮ ಸರ್ಕಾರ ಇಲ್ಲ, ಏನೂ ಮಾಡಲಾಗದು’ ಎಂಬ ಮಾತು ನನಗೆ ಒಪ್ಪಿತವಲ್ಲ.

ಇಲ್ಲಿ ತಪ್ಪು ಸೋತವರದ್ದು ಮಾತ್ರವೂ ಅಲ್ಲ. ಹೊಸ ಮುಖಗಳು ಬೆಳೆಯುವುದು ತಾಲ್ಲೂಕು, ಜಿಲ್ಲಾ ಪಂಚಾಯಿತಿಗಳಲ್ಲಿ. 2016ರಲ್ಲಿ ಆರಿಸಿ ಬಂದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಳು ಉರುಳಿದರೂ ಚುನಾವಣೆಯಿಲ್ಲದೆ ಅಧಿಕಾರಿಗಳೇ ನಡೆಸಿದರು. ಆಗ ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ, ಯಾರಿಗೂ ಅವಸರವಿರಲಿಲ್ಲ. ಸೋತ ಪಕ್ಷದ ಹುಡುಗ, ಹುಡುಗಿಯರಿಗೆ ಊರ ಕೆಲಸ ಮಾಡಿ ತೋರಿಸಲು ಇದ್ದ ಮೆಟ್ಟಿಲೇ ಇಲ್ಲವಾದರೆ ಪಕ್ಷ ಮತ್ತೆ ಅದೇ ಹಳೆಯ ನಾಯಕರ ಮಕ್ಕಳ ಕಡೆ ನೋಡುತ್ತದೆ.

ಸೋಲನ್ನು ನೇರವಾಗಿ ಎದುರಿಸಿದ ಒಂದು ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಪರೀಕ್ಷೆಗೆ ಓದುವಾಗ ಇದನ್ನು ಒಂದು ಸಾಲಿನಲ್ಲಿ ಬಾಯಿಪಾಠ ಮಾಡಿ ಮುಂದೆ ಹೋಗಿದ್ದೆ. 1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರದ ಮುಖ್ಯಮಂತ್ರಿಯಾದರು. ಜನತಾ ಪಕ್ಷಕ್ಕೆ ಇದ್ದದ್ದು 95 ಸ್ಥಾನ. ಬಿಜೆಪಿ ಮತ್ತಿತರರ ಹೊರಗಿನ ಬೆಂಬಲದಿಂದ ಸರ್ಕಾರ ನಡೆಯುತ್ತಿತ್ತು. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿ ಹತ್ಯೆಯಾಯಿತು. ಡಿಸೆಂಬರಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. ಅದು ದೆಹಲಿಯ ಚುನಾವಣೆ, ಅನುಕಂಪದ ಅಲೆ, ನಮಗೂ ಅದಕ್ಕೂ ಸಂಬಂಧವಿಲ್ಲ ಎಂದು ಹೇಳಿ ಹೆಗಡೆ ಮುಂದುವರಿಯಬಹುದಿತ್ತು. ಕಾನೂನಿನಲ್ಲಿ ಅಡ್ಡಿ ಏನೂ ಇರಲಿಲ್ಲ. ಅವರು ರಾಜೀನಾಮೆ ಕೊಟ್ಟು ಮತ್ತೆ ಜನರ ಮುಂದೆ ಹೋದರು. 1985ರ ಮಾರ್ಚ್‌ನಲ್ಲಿ ಜನತಾ ಪಕ್ಷ 139 ಸ್ಥಾನ ಗೆದ್ದಿತು.

ಕೆಲವೇ ತಿಂಗಳ ಹಿಂದೆ ಸೋಲಿಸಿದ್ದ ಮತದಾರರೇ ಗೆಲ್ಲಿಸಿದ್ದರು. ಅವರಿಗೆ ಎರಡು ಚುನಾವಣೆಯ ವ್ಯತ್ಯಾಸ ಗೊತ್ತಿತ್ತು. ಹೆಗಡೆ ಆ ಎರಡು ವರ್ಷದಲ್ಲಿ ತೋರಿಸಲು ಕೆಲಸವನ್ನೂ ಇಟ್ಟುಕೊಂಡಿದ್ದರು. ಲೋಕಾಯುಕ್ತ ಕಾಯ್ದೆ ಬಂದಿತ್ತು, ಜಿಲ್ಲಾ ಪರಿಷತ್ತುಗಳ ಮಸೂದೆಗೆ ಶಾಸನಸಭೆಯ ಒಪ್ಪಿಗೆ ಸಿಕ್ಕಿತ್ತು, ಊರೂರಿಗೆ ಕೊಳವೆಬಾವಿ ಹಾಕಿಸಿದ ಅಬ್ದುಲ್ ನಜೀರ್ ಸಾಬ್ ‘ನೀರ್ ಸಾಬ್’ ಎಂದೇ ಹೆಸರಾಗಿದ್ದರು. ಆದರೆ ಇದನ್ನೂ ಬಂಗಾರದ ಕಥೆ ಮಾಡಬೇಕಿಲ್ಲ. ಒಳಜಗಳದಲ್ಲಿ ಮುಳುಗಿದ ಅದೇ ಬಳಗ, ಜನತಾ ದಳವಾದ ಮೇಲೆ, 1989ರಲ್ಲಿ 24 ಸ್ಥಾನಕ್ಕೆ ಕುಸಿಯಿತು. ಸೋಲಿನಿಂದ ಕಲಿತವರು ಗೆಲುವಿನಿಂದ ಕೆಟ್ಟರು.

ಸೋತ ವ್ಯಕ್ತಿಯ ಬಗ್ಗೆ ಯೋಚಿಸುವಾಗ ನನಗೆ ಮೊದಲು ನೆನಪಾಗುವವರು ಎ.ಆರ್. ಕೃಷ್ಣಮೂರ್ತಿ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಅವರಿಗೆ 40,752 ಮತ, ಇವರಿಗೆ 40,751. ಒಂದೇ ಒಂದು ಮತ. ಅವರ ಕಾರಿನ ಚಾಲಕನಿಗೇ ಮತ ಹಾಕಲು ಆಗಿರಲಿಲ್ಲ ಎಂದು ಹೇಳುತ್ತಾರೆ. ಎಷ್ಟು ರಾತ್ರಿ ನಿದ್ದೆ ಬಂದಿರಲಿಕ್ಕಿಲ್ಲ! 2018ರಲ್ಲಿ ಕೊಳ್ಳೇಗಾಲದಲ್ಲಿ ನಿಂತು ಎನ್. ಮಹೇಶ್ ಎದುರು ಮತ್ತೆ ಸೋತರು. 2023ರಲ್ಲಿ ಅದೇ ಕೊಳ್ಳೇಗಾಲದಲ್ಲಿ ಅದೇ ಮಹೇಶ್ ಅವರನ್ನು ಐವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಒಂದು ಮತದ ಸೋಲಿನಿಂದ ಅಲ್ಲಿಗೆ ಬರಲು ಹತ್ತೊಂಬತ್ತು ವರ್ಷ ಹಿಡಿಯಿತು. ಅದೇ ದಿನ ಜಯನಗರದಲ್ಲಿ ಸೌಮ್ಯಾ ರೆಡ್ಡಿ ಮರು ಎಣಿಕೆಯ ನಂತರ 16 ಮತಗಳಿಂದ ಸೋತರು.

ಅಜ್ಜಿಯ ಮನೆಗೆ ಹೋಗಿ ಬಂದ ಮೇಲೆ ಗೆಳೆಯನ ನಂಬರನ್ನು ಅನ್‌ಬ್ಲಾಕ್ ಮಾಡಿದೆ. ಏನು ಬರೆಯಬೇಕೆಂದು ತಿಳಿಯದೆ ಹಾಗೇ ಬಿಟ್ಟೆ. ಸೋಮವಾರ ಗ್ರಂಥಾಲಯಕ್ಕೆ ಹೋದರೆ ಅವನು ಅದೇ ಮೇಜಿನಲ್ಲಿದ್ದ. ನನ್ನ ಕುರ್ಚಿಯ ಮೇಲೆ ಅವನ ಬ್ಯಾಗ್. ನನ್ನನ್ನು ಕಂಡು ತೆಗೆದು ಕೆಳಗಿಟ್ಟ. ಮೂರು ವಾರದಿಂದ ದಿನವೂ ಹೀಗೇ ಇಡುತ್ತಿದ್ದನಂತೆ, ಬೇರೆಯವರು ಕೂರದಿರಲಿ ಎಂದು. ಪಟಾಕಿಯ ವಿಷಯ ಅವನು ಎತ್ತಲಿಲ್ಲ, ಸ್ಟೇಟಸ್ ವಿಷಯ ನಾನು ಎತ್ತಲಿಲ್ಲ. ಆ ವಾರವೇ ಅಜ್ಜಿಯಂಥ ಇನ್ನಿಬ್ಬರ ಅರ್ಜಿ ಹಿಡಿದು ನಾನು ನಾಡಕಚೇರಿಗೆ ಹೋಗಬೇಕಿತ್ತು. ಯಾವ ಕಿಟಕಿಗೆ ಹೋಗಬೇಕು, ಯಾವ ಕಾಗದ ಮರೆತರೆ ವಾಪಸ್ ಕಳಿಸುತ್ತಾರೆ ಎಂದು ಹೇಳಿಕೊಟ್ಟವನು ಅವನೇ.

ಮುಂದಿನ ವರ್ಷ ಲೋಕಸಭಾ ಚುನಾವಣೆ. ಅದೇ ಬೂತ್, ಅದೇ ಬೆಂಚು, ಚಿತ್ರಾನ್ನದ ಬದಲು ಪುಳಿಯೋಗರೆ. 2024ರ ಜೂನ್ 4ರಂದು ಫಲಿತಾಂಶ ಬಂತು. ವರ್ಷದ ಹಿಂದೆ 135 ಸ್ಥಾನ ಗೆದ್ದಿದ್ದ ಕಾಂಗ್ರೆಸ್‌ಗೆ ರಾಜ್ಯದ 28ರಲ್ಲಿ ಒಂಬತ್ತು, ಬಿಜೆಪಿಗೆ 17, ಜೆಡಿಎಸ್‌ಗೆ ಎರಡು. ಈ ಸಲ ನಮ್ಮ ಕ್ಷೇತ್ರದಲ್ಲಿ ಸೋತದ್ದು ಗೆಳೆಯನ ಕಡೆ. ನಮ್ಮ ಹುಡುಗರು ಪಟಾಕಿ ತಂದಿದ್ದರು. ಅವನ ಮನೆಯ ಬೀದಿಗೆ ಹೋಗುವುದು ಬೇಡ ಎಂದೆ. ಇಬ್ಬರು ಗೊಣಗಿದರು, ಉಳಿದವರು ಕೇಳಿದರು.

ಸಂಜೆ ಒಬ್ಬನೇ ಅವನ ಮನೆಗೆ ಹೋದೆ. ಫೋನ್ ಸ್ವಿಚ್ ಆಫ್ ಮಾಡಿಕೊಂಡು ಜಗುಲಿ ಮೇಲೆ ಮಲಗಿದ್ದ. ಅವರಮ್ಮ ಕಾಫಿ ತಂದಿಟ್ಟರು. ಬಹಳ ಹೊತ್ತು ಇಬ್ಬರೂ ಏನೂ ಮಾತಾಡಲಿಲ್ಲ. ಆಮೇಲೆ ಅವನು ಎದ್ದು ಕೂತು ಕೇಳಿದ, ‘ಫಾರಂ 20 ಯಾವತ್ತು ಹಾಕ್ತಾರಂತೋ?’